‘ಸೊಪ್ಪೇ ತಾನೆ’ ಎನ್ನುವ ಮುನ್ನ

ಸಂಜೆ ಪಾಳಿ ಬಿಡುವ ಹೊತ್ತಿಗೆ ಜೀಡಿಮೆಟ್ಲಾದ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಔಷಧ ಕಾರ್ಖಾನೆ, ಪ್ಲಾಸ್ಟಿಕ್ ಘಟಕ, ಲೇತ್ ಶೆಡ್‌ಗಳಿಂದ ಹೊರಬಿದ್ದ ಕಾರ್ಮಿಕರು ಶಾಪೂರ್ ನಗರ, ಚಿಂತಲ್, ಸೂರಾರಂ ಕಡೆಯ ಬಾಡಿಗೆ ಕೋಣೆಗಳಿಗೆ ಹೊರಡುತ್ತಾರೆ. ಚಹಾ ಅಂಗಡಿಯ ಮುಂದೆ ತೆಲುಗು, ದಖನಿ, ಒಡಿಯಾ, ಭೋಜಪುರಿ ಕೇಳಿಸುತ್ತವೆ. ನಡುವೆ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಪಕ್ಕದ ಪಾನ್ ಡಬ್ಬಿಯಲ್ಲಿ ಬೀಡಿ ಕಟ್ಟು, ಖೈನಿ, ಪಾನ್ ಮಸಾಲಾ ಚೀಟಿಗಳ ಸರ. ಹನ್ನೆರಡು ತಾಸು ಯಂತ್ರದ ಮುಂದೆ ನಿಂತು ಬಂದ ಮೈಗೆ ಏನಾದರೊಂದು ಬೇಕೆನ್ನಿಸುವ ಹೊತ್ತು ಅದು.

ಹೈದರಾಬಾದಿನ ವಾಯವ್ಯಕ್ಕಿರುವ ಈ ಕೈಗಾರಿಕಾ ಪ್ರದೇಶ ಬೆಳೆದದ್ದೇ ಹೊರಗಿನಿಂದ ಬಂದವರ ದುಡಿಮೆಯಿಂದ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜ್ಯದ ಗಡಿ ಬದಲಾದರೂ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋಗುವ ದಾರಿ ನಿಂತಿಲ್ಲ. ಹಾಗಾಗಿ ಆ ಊರಿನ ಬಸ್ತಿಗಳಲ್ಲಿ ಹರಡುವ ಯಾವ ಚಟವೂ ಕಲ್ಯಾಣ ಕರ್ನಾಟಕದ ಮನೆಗಳಿಗೆ ದೂರದ ಸುದ್ದಿಯಲ್ಲ.

ಗಾಂಜಾ ಅಂಥ ಒಂದು ಚಟ. ‘ಹೆಂಡಕ್ಕಿಂತ ವಾಸಿ’, ‘ಗಿಡದ್ದು, ಏನೂ ಆಗಲ್ಲ’, ‘ಸಾಧು ಸಂತರೇ ಸೇದುತ್ತಾರೆ’ ಎಂಬ ಮಾತುಗಳು ಅದರ ಬೆನ್ನಿಗೇ ಬರುತ್ತವೆ. ಇನ್ನೊಂದು ಕಡೆ, ‘ಒಂದು ದಮ್ ಎಳೆದರೆ ಹುಚ್ಚು ಹಿಡಿಯುತ್ತದೆ’ ಎಂಬ ಭಯವೂ ಇದೆ. ಎರಡೂ ಪೂರ್ತಿ ನಿಜವಲ್ಲ. ಯಾರು, ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ, ಎಷ್ಟು ದಿನ ಸೇವಿಸುತ್ತಾರೆ ಎಂಬುದರ ಮೇಲೆ ಅದರ ಕೆಡುಕು ನಿಂತಿದೆ. ಈ ನಾಲ್ಕು ಪ್ರಶ್ನೆಗಳನ್ನು ಕೇಳದೆ ಇರುವುದರಿಂದಲೇ ಮನೆಯವರು ತಡವಾಗಿ ಎಚ್ಚೆತ್ತುಕೊಳ್ಳುತ್ತಾರೆ.

ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಸೇವಿಸಿದ್ದರು. ಅವರಲ್ಲಿ ಸುಮಾರು 72 ಲಕ್ಷ ಮಂದಿಯ ಸೇವನೆ ನೆರವು ಬೇಕಾಗುವ ಮಟ್ಟ ಮುಟ್ಟಿತ್ತು.

ಬೆಟ್ಟದಿಂದ ಬಸ್ತಿಗೆ

ಹೈದರಾಬಾದಿಗೆ ಬರುವ ಗಾಂಜಾದ ಬಹುಪಾಲು ಆಂಧ್ರ–ಒಡಿಶಾ ಗಡಿಯ ಕಾಡುಬೆಟ್ಟಗಳದು. ಹಿಂದಿನ ವಿಶಾಖಪಟ್ಟಣ ಜಿಲ್ಲೆಯ ‘ಏಜೆನ್ಸಿ’ ಎಂದು ಕರೆಯುವ ಬುಡಕಟ್ಟು ಪ್ರದೇಶ, ಒಡಿಶಾದ ಮಲ್ಕಾನ್‌ಗಿರಿ ಮತ್ತು ಕೋರಾಪುಟ್ ಜಿಲ್ಲೆಗಳು ಇದಕ್ಕೆ ಕುಖ್ಯಾತ. ಆಂಧ್ರ ಪೊಲೀಸರು ‘ಆಪರೇಷನ್ ಪರಿವರ್ತನ’ ಹೆಸರಿನಲ್ಲಿ ಸಾವಿರಾರು ಎಕರೆ ಬೆಳೆಯನ್ನು ಕಿತ್ತುಹಾಕಿದರು. 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿ ಬಳಿ ಸುಮಾರು 2 ಲಕ್ಷ ಕೆ.ಜಿ. ಗಾಂಜಾವನ್ನು ಒಂದೇ ಕಡೆ ರಾಶಿ ಹಾಕಿ ಸುಟ್ಟರು.

ಬೆಟ್ಟದಿಂದ ಇಳಿದ ಸರಕು ಹೈದರಾಬಾದನ್ನು ಹಾದು ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿನ ಕುರಿ ಫಾರ್ಮ್ ಒಂದರಲ್ಲಿ ನೆಲದಡಿ ಬಚ್ಚಿಟ್ಟಿದ್ದ 1,300 ಕೆ.ಜಿ.ಗೂ ಹೆಚ್ಚು ಗಾಂಜಾ ಹೊರತೆಗೆದರು. ಅದು ಒಡಿಶಾದಿಂದ ತೆಲಂಗಾಣ ದಾಟಿ ಬಂದ ಮಾಲು.

ದಾರಿಯಲ್ಲಿ ಸಿಕ್ಕ ಊರುಗಳಲ್ಲಿ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಮನೆಯಿಂದ ದೂರ ಒಬ್ಬಂಟಿಯಾಗಿರುವ, ಹಗಲು ರಾತ್ರಿಯ ಪಾಳಿಗಳಲ್ಲಿ ನಿದ್ದೆಗೆಟ್ಟ ಹುಡುಗರಿಗೆ ಅದು ಸುಲಭದ ಸಮಾಧಾನವಾಗಿ ಕಾಣುತ್ತದೆ.

ಒಂದೇ ಗಿಡ, ಮೂರು ರೂಪ

ಗಿಡ ಒಂದೇ ಆದರೂ ಬಳಕೆಯ ರೂಪ ಮೂರು. ಎಲೆಯನ್ನು ಅರೆದು ಹಾಲು, ಸಿಹಿಯಲ್ಲಿ ಬೆರೆಸಿದರೆ ಅದು ಭಂಗಿ. ಹೆಣ್ಣುಗಿಡದ ಹೂಗೊನೆಯನ್ನು ಒಣಗಿಸಿದ್ದು ಗಾಂಜಾ. ಅದನ್ನು ಚಿಲುಮೆಯಲ್ಲೋ, ಸ್ವಲ್ಪ ತಂಬಾಕು ಉದುರಿಸಿದ ಬೀಡಿ ಸಿಗರೇಟಿನಲ್ಲೋ ತುಂಬಿ ಸೇದುತ್ತಾರೆ. ಹೂ ಎಲೆಗಳ ಅಂಟನ್ನು ತಿಕ್ಕಿ ತೆಗೆದು ಉಂಡೆ ಮಾಡಿದ್ದು ಚರಸ್.

ಅಮಲು ಬರಿಸುವ ಮುಖ್ಯ ವಸ್ತುವಿನ ಹೆಸರು ಟಿಎಚ್‌ಸಿ. ಇಸ್ರೇಲಿನ ವಿಜ್ಞಾನಿಗಳು 1964ರಲ್ಲಿ ಅದನ್ನು ಬೇರ್ಪಡಿಸಿ ಗುರುತಿಸಿದರು. ಎಲೆಯಲ್ಲಿ ಅದು ಕಡಿಮೆ, ಹೂಗೊನೆಯಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ತಳಿಯಿಂದ ತಳಿಗೂ ಪ್ರಮಾಣ ಬದಲಾಗುತ್ತದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12ಕ್ಕೆ ಏರಿತ್ತು. ‘ನಮ್ಮ ಕಾಲದಲ್ಲೂ ಸೇದುತ್ತಿದ್ದರು, ಏನಾಯಿತು?’ ಎಂದು ಹಿರಿಯರು ಹೇಳುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಮಿದುಳಿನಲ್ಲಿ ಆಗುವುದೇನು?

ನಮ್ಮ ಮಿದುಳು ತನ್ನದೇ ಆದ ಗಾಂಜಾದಂಥ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಮೊದಲನೆಯದು ಪತ್ತೆಯಾದದ್ದು 1992ರಲ್ಲಿ. ಹಾಲು ಉಕ್ಕುವ ಮೊದಲೇ ಒಲೆಯ ಉರಿ ತಗ್ಗಿಸುವ ಗೃಹಿಣಿಯಂತೆ, ನರಕೋಶಗಳ ಅಬ್ಬರ ಮಿತಿಮೀರದ ಹಾಗೆ ಇವು ಬೇಕಾದ ಕಡೆ ಬೇಕಾದಷ್ಟೇ ಕೆಲಸ ಮಾಡಿ ಮರೆಯಾಗುತ್ತವೆ. ಹೊರಗಿನಿಂದ ಬಂದ ಟಿಎಚ್‌ಸಿ ಅದೇ ಜಾಗಗಳಲ್ಲಿ ಕೂರುತ್ತದೆ. ಆದರೆ ಎಲ್ಲ ಕಡೆ ಒಟ್ಟಿಗೆ, ಬಹಳ ಹೊತ್ತು ಕೂರುತ್ತದೆ.

ಪರಿಣಾಮ ಹೊರಗೆ ಕಾಣುತ್ತದೆ. ಕಣ್ಣು ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಹಸಿವು ಕೆರಳುತ್ತದೆ, ಎದೆ ಬಡಿತ ಏರುತ್ತದೆ. ಹೊತ್ತು ನಿಧಾನವಾಗಿ ಸರಿದಂತೆ ತೋರುತ್ತದೆ. ಕೆಲವರಿಗೆ ಹಿತವಾದ ಗುಂಗು. ಇನ್ನು ಕೆಲವರಿಗೆ ವಿನಾಕಾರಣ ಗಾಬರಿ, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಅನುಮಾನ. ಈಗಷ್ಟೇ ಹೇಳಿದ ಮಾತು ನೆನಪಿನಲ್ಲಿ ನಿಲ್ಲುವುದಿಲ್ಲ.

ಜೀಡಿಮೆಟ್ಲಾದಂಥ ಊರಿನಲ್ಲಿ ಇದರ ಅರ್ಥ ಬೇರೆಯೇ. ಪವರ್ ಪ್ರೆಸ್ಸಿನ ಕೆಳಗೆ ತಗಡು ಸರಿಸುವ ಕೈ ಅರೆಕ್ಷಣ ತಡವಾದರೆ ಬೆರಳು ಹೋಗುತ್ತದೆ. ರಿಯಾಕ್ಟರಿನ ಕವಾಟವನ್ನು ಯಾವ ಕ್ರಮದಲ್ಲಿ ತೆರೆಯಬೇಕೆಂಬುದು ಮರೆತರೆ ಜೊತೆಗಿದ್ದವರ ಜೀವಕ್ಕೂ ಕುತ್ತು. ರಸ್ತೆಯಲ್ಲೂ ಅಷ್ಟೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಗಾಂಜಾದ ಪ್ರಭಾವದಲ್ಲಿ ವಾಹನ ಓಡಿಸಿದವರಿಗೆ ಗಂಭೀರ ಅಪಘಾತದ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಚಾಕೊಲೇಟಿನ ಮೋಸ

ಇತ್ತೀಚಿನ ವರ್ಷಗಳಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಪೊಲೀಸರು ಮತ್ತೆ ಮತ್ತೆ ವಶಪಡಿಸಿಕೊಳ್ಳುತ್ತಿರುವುದು ಚಾಕೊಲೇಟ್ ರೂಪದ ಗಾಂಜಾವನ್ನು. ಬಣ್ಣದ ಕಾಗದ ಸುತ್ತಿ, ಕೆಲವೊಮ್ಮೆ ಆಯುರ್ವೇದದ ಹೆಸರಿನ ಚೀಟಿ ಅಂಟಿಸಿ, ಕಿರಾಣಿ ಮತ್ತು ಪಾನ್ ಅಂಗಡಿಗಳಲ್ಲಿ ಇದನ್ನು ಮಾರಲಾಗುತ್ತಿತ್ತು. 2024ರ ಜನವರಿಯಲ್ಲಿ ನಗರದ ದಕ್ಷಿಣಕ್ಕಿರುವ ಕೊತ್ತೂರಿನಲ್ಲಿ ಶಾಲಾಮಕ್ಕಳ ವಿಚಿತ್ರ ವರ್ತನೆ ಕಂಡು ವಿಚಾರಿಸಿದಾಗ ಬಯಲಾದದ್ದು ಇಂಥದೇ ಚಾಕೊಲೇಟಿನ ಮಾರಾಟ. ಅದಕ್ಕೂ ಮೊದಲು, 2023ರ ಜುಲೈನಲ್ಲಿ ಮಂಗಳೂರು ಪೊಲೀಸರು ಎರಡು ಅಂಗಡಿಗಳಿಂದ ರಾಶಿಗಟ್ಟಲೆ ಭಂಗಿ ಚಾಕೊಲೇಟ್ ಹಿಡಿದಿದ್ದರು.

ಸೇದುವುದಕ್ಕೂ ತಿನ್ನುವುದಕ್ಕೂ ದೊಡ್ಡ ಅಂತರವಿದೆ. ಹೊಗೆಯಾಗಿ ಒಳಹೋದ ಟಿಎಚ್‌ಸಿ ನಿಮಿಷಗಳಲ್ಲಿ ಮಿದುಳು ತಲುಪುತ್ತದೆ, ಎರಡು ಮೂರು ತಾಸಿನಲ್ಲಿ ಅಮಲು ಇಳಿಯುತ್ತದೆ. ತಿಂದದ್ದು ಹೊಟ್ಟೆ, ಕರುಳು, ಯಕೃತ್ತು ದಾಟಿ ಬರಬೇಕು. ಅರ್ಧ ತಾಸಿನಿಂದ ಎರಡು ತಾಸಿನವರೆಗೆ ಏನೂ ಆಗುವುದಿಲ್ಲ. ಯಕೃತ್ತಿನಲ್ಲಿ ಅದು ಇನ್ನಷ್ಟು ಪ್ರಬಲ ರೂಪಕ್ಕೆ ತಿರುಗುತ್ತದೆ. ಏರಿದ ಅಮಲು ಆರೆಂಟು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿಯುತ್ತದೆ.

ಈ ನಡುವಿನ ಕಾಯುವಿಕೆಯೇ ಅಪಾಯ. 2014ರ ಮಾರ್ಚಿನಲ್ಲಿ ಅಮೆರಿಕದ ಕೊಲರಾಡೊದಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಗಾಂಜಾ ಬೆರೆಸಿದ ಬಿಸ್ಕತ್ತಿನ ಒಂದು ತುಂಡು ತಿಂದ. ಅದನ್ನು ಆರು ಪಾಲು ಮಾಡಿ ತಿನ್ನಬೇಕೆಂದು ಅಂಗಡಿಯವರು ಹೇಳಿದ್ದರು. ಅರ್ಧದಿಂದ ಒಂದು ತಾಸು ಕಳೆದರೂ ಏನೂ ಅನ್ನಿಸಲಿಲ್ಲ, ಉಳಿದುದನ್ನೂ ತಿಂದುಬಿಟ್ಟ. ಮುಂದಿನ ಕೆಲವು ತಾಸುಗಳಲ್ಲಿ ಮಾತು ತಪ್ಪಿ, ರೊಚ್ಚಿಗೆದ್ದು, ನಾಲ್ಕನೆಯ ಮಹಡಿಯಿಂದ ಹಾರಿ ಸತ್ತ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಪ್ರಕರಣವನ್ನು ದಾಖಲಿಸಿದೆ. ಅಲ್ಲಿ ಪೊಟ್ಟಣದ ಮೇಲೆ ಪ್ರಮಾಣವಾದರೂ ಬರೆದಿತ್ತು. ನಮ್ಮ ಪಾನ್ ಅಂಗಡಿಯ ಚಾಕೊಲೇಟಿನಲ್ಲಿ ಎಷ್ಟಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಉಸಿರಾಟವನ್ನು ನಡೆಸುವ ಮಿದುಳ ಕಾಂಡದಲ್ಲಿ ಟಿಎಚ್‌ಸಿ ಕೂರುವ ಜಾಗಗಳು ಕಡಿಮೆ. ಹಾಗಾಗಿ ಅಫೀಮು, ಹೆರಾಯಿನ್‌ಗಳಂತೆ ಗಾಂಜಾ ವಯಸ್ಕರ ಉಸಿರು ನಿಲ್ಲಿಸಿ ಕೊಲ್ಲುವುದು ತೀರಾ ಅಪರೂಪ. ಆದರೆ ಪುಟ್ಟ ಮಕ್ಕಳ ವಿಷಯದಲ್ಲಿ ಈ ಭರವಸೆ ಇಲ್ಲ. ಸಿಹಿಯೆಂದು ತಿಂದ ಮಗು ಎಬ್ಬಿಸಿದರೂ ಏಳದಷ್ಟು ಮಂಪರಿಗೆ ಜಾರಬಹುದು, ಉಸಿರು ಕ್ಷೀಣವಾಗಬಹುದು, ಪ್ರಜ್ಞೆ ತಪ್ಪಬಹುದು. ಅಂಥ ಮಗುವನ್ನು ಮನೆಯಲ್ಲಿ ಮಲಗಿಸಿ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತಿಂದದ್ದೇನೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಬೆಳೆಯುವ ಮಿದುಳು

ಮನುಷ್ಯನ ಮಿದುಳು ಇಪ್ಪತ್ತರ ಹರೆಯದ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ಮುಂದಾಲೋಚನೆ, ತಾಳ್ಮೆ, ತೀರ್ಮಾನಗಳನ್ನು ನೋಡಿಕೊಳ್ಳುವ ಮುಂಭಾಗ ಬಲಿಯುವುದು ಕೊನೆಗೆ. ಗಾಂಜಾದ ಬಗ್ಗೆ ವೈದ್ಯರ ಅತಿ ದೊಡ್ಡ ಆತಂಕ ಇರುವುದು ಇಲ್ಲಿಯೇ.

ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಸೇರುವ ಮುನ್ನವೇ 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇವಿಸಿದ್ದವರಲ್ಲಿ ಸ್ಕಿಜೋಫ್ರೀನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಸೇವಿಸದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದಿನವೂ ಸೇವಿಸುವವರಿಗೆ ಚಿತ್ತವಿಕಲತೆಯ ಸಾಧ್ಯತೆ ಮೂರು ಪಟ್ಟು. ಶೇ 10ಕ್ಕಿಂತ ಹೆಚ್ಚು ಟಿಎಚ್‌ಸಿ ಇರುವುದನ್ನು ದಿನವೂ ಸೇವಿಸುವವರಿಗೆ ಐದು ಪಟ್ಟಿನ ಹತ್ತಿರ.

ಸೇದಿದ ಎಲ್ಲರಿಗೂ ಹೀಗಾಗುತ್ತದೆಂದು ಇದರ ಅರ್ಥವಲ್ಲ. ಹೆಚ್ಚಿನವರಿಗೆ ಆಗುವುದಿಲ್ಲ. ಆದರೆ ತಂದೆ ತಾಯಿ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಗಂಭೀರ ಮಾನಸಿಕ ಕಾಯಿಲೆ ಇದ್ದ ಮನೆಯ ಹುಡುಗ ಹದಿನೈದು ಹದಿನಾರರಲ್ಲೇ ಶುರು ಮಾಡಿದರೆ, ಅವನ ಅಪಾಯ ಪಕ್ಕದಲ್ಲಿ ಕೂತು ಸೇದುವ ಗೆಳೆಯನದಕ್ಕಿಂತ ಬಹಳ ಹೆಚ್ಚು. ಯಾರಿಗೆ ಕಾಯಿಲೆ ಬರುತ್ತದೆಂದು ಮೊದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ.

ಬುದ್ಧಿಶಕ್ತಿಯ ಪ್ರಶ್ನೆಯೂ ಇದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹುಟ್ಟಿದ 1,037 ಮಂದಿಯನ್ನು 38 ವರ್ಷದವರೆಗೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಹದಿಹರೆಯದಲ್ಲಿ ಆರಂಭಿಸಿ ವರ್ಷಗಟ್ಟಲೆ ಚಟ ಮುಂದುವರಿಸಿದವರ ಐಕ್ಯೂ ಎಂಟು ಅಂಕದಷ್ಟು ಕುಸಿದಿತ್ತೆಂದು ಹೇಳಿತು. ಅವಳಿಗಳನ್ನು ಹೋಲಿಸಿದ ನಂತರದ ಅಧ್ಯಯನಗಳು ಈ ಇಳಿಕೆಗೆ ಮನೆಯ ಪರಿಸರವೂ ಕಾರಣವಿರಬಹುದೆಂದವು. ಆ ಚರ್ಚೆ ಇನ್ನೂ ನಡೆದಿದೆ. ನೆನಪು, ಗಮನ, ಕಲಿಕೆ ನಿತ್ಯ ಸೇವನೆಯಿಂದ ಕುಂದುತ್ತವೆ ಎಂಬ ಬಗ್ಗೆ ಮಾತ್ರ ಹೆಚ್ಚಿನ ಭಿನ್ನಮತವಿಲ್ಲ.

ಎದೆ, ಶ್ವಾಸ, ಹೊಟ್ಟೆ

ಗಾಂಜಾ ಸೇದಿದ ಮೊದಲ ಒಂದು ತಾಸಿನಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 4.8 ಪಟ್ಟು ಏರುತ್ತದೆಂದು 2001ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆರೋಗ್ಯವಂತ ಯುವಕನಲ್ಲಿ ಆ ಸಾಧ್ಯತೆ ಮೂಲದಲ್ಲೇ ಚಿಕ್ಕದು. ಬಿ.ಪಿ., ಸಕ್ಕರೆ ಕಾಯಿಲೆ ಇರುವ ನಡುವಯಸ್ಸಿನವರಿಗೆ ಅದು ಚಿಕ್ಕದಲ್ಲ.

ಹೊಗೆ ಯಾವ ಸೊಪ್ಪಿನದಾದರೂ ಹೊಗೆಯೇ. ದಿನವೂ ಸೇದುವವರಲ್ಲಿ ಕೆಮ್ಮು, ಕಫ, ಗೊರಗೊರ ಉಸಿರು ಸಾಮಾನ್ಯ. ನಮ್ಮಲ್ಲಿ ಗಾಂಜಾವನ್ನು ತಂಬಾಕಿನ ಜತೆ ಬೆರೆಸಿ ಸೇದುವುದೇ ಹೆಚ್ಚಾದ್ದರಿಂದ ತಂಬಾಕಿನ ಎಲ್ಲ ಕೆಡುಕೂ ಸೇರಿಕೊಳ್ಳುತ್ತದೆ. ಹಗಲೆಲ್ಲ ದೂಳು, ಸಾಲ್ವೆಂಟ್ ಆವಿ ಕುಡಿದ ಕಾರ್ಮಿಕನ ಶ್ವಾಸಕೋಶಕ್ಕೆ ಇದು ಮೂರನೆಯ ಹೊರೆ. ಗರ್ಭಿಣಿಯರು ಸೇವಿಸಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು.

ಹೊಟ್ಟೆಯದು ಇನ್ನೊಂದು ಕಥೆ. ವರ್ಷಗಟ್ಟಲೆ ವಿಪರೀತ ಸೇವಿಸಿದ ಕೆಲವರಿಗೆ ತಡೆಯಲಾಗದ ವಾಂತಿ, ಹೊಟ್ಟೆನೋವು ಮರುಕಳಿಸುತ್ತದೆ. ಬಿಸಿನೀರಿನ ಸ್ನಾನ ಮಾಡುತ್ತಿರುವಷ್ಟು ಹೊತ್ತು ಮಾತ್ರ ಆರಾಮ. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ವಿವರಿಸಿದರು. ಸ್ಕ್ಯಾನ್, ಎಂಡೊಸ್ಕೋಪಿ ಎಂದು ಹಣ ಸುರಿದರೂ ಕಾರಣ ಸಿಗದೆ ಅಲೆಯುವವರಿದ್ದಾರೆ. ಸೇವನೆ ಬಿಟ್ಟರೆ ವಾಂತಿಯೂ ನಿಲ್ಲುತ್ತದೆ.

ಚಟ ಹತ್ತುವುದಿಲ್ಲವೇ?

ಹತ್ತುತ್ತದೆ. ಒಮ್ಮೆಯಾದರೂ ಸೇವಿಸಿದವರಲ್ಲಿ ಸುಮಾರು ಶೇ 9 ಮಂದಿ ಅದಕ್ಕೆ ಅಂಟಿಕೊಳ್ಳುತ್ತಾರೆ. ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಈ ಪ್ರಮಾಣ ಶೇ 17ರ ಹತ್ತಿರ. ಬಿಟ್ಟ ಒಂದೆರಡು ದಿನಕ್ಕೆ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ಚಡಪಡಿಕೆ ಶುರುವಾಗಿ ಮೊದಲ ವಾರದಲ್ಲಿ ಜೋರಾಗುತ್ತವೆ. ಎರಡು ವಾರ ಕಳೆದ ಮೇಲೆ ಹೆಚ್ಚಿನವರಿಗೆ ತಹಬಂದಿಗೆ ಬರುತ್ತವೆ. ಮದ್ಯ ಬಿಡುವಾಗ ಬರುವಂಥ ಪ್ರಾಣಾಪಾಯ ಇಲ್ಲಿಲ್ಲ. ಆದರೆ ಆ ಎರಡು ವಾರ ಜೊತೆಗೆ ಯಾರೂ ಇಲ್ಲದಿದ್ದರೆ ಮತ್ತೆ ಚಿಲುಮೆಗೆ ಕೈ ಹೋಗುತ್ತದೆ.

ಗಾಂಜಾದ ಚಟ ಬಿಡಿಸುವ ಮಾತ್ರೆ ಇನ್ನೂ ಬಂದಿಲ್ಲ. ಆಪ್ತಸಮಾಲೋಚನೆ, ಹೊಸ ದಿನಚರಿ, ಮನೆಯವರ ಸಹಕಾರ, ನಿದ್ದೆ ಆತಂಕಗಳಿಗೆ ವೈದ್ಯರ ನೆರವು — ಚಿಕಿತ್ಸೆಯೆಂದರೆ ಇವೇ, ಮತ್ತು ಇವು ಕೆಲಸ ಮಾಡುತ್ತವೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಉಳಿಯುವುದರಿಂದ ದಿನವೂ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟ ಕೆಲವು ವಾರಗಳವರೆಗೂ ಅದರ ಗುರುತು ಸಿಗಬಹುದು. ಪರೀಕ್ಷೆಯ ಫಲಿತಾಂಶ ಹಿಡಿದು ‘ಬಿಟ್ಟೆ ಅಂತ ಸುಳ್ಳು ಹೇಳಿದೆ’ ಎಂದು ಮಗನ ಮೇಲೆ ಹರಿಹಾಯುವ ಮುನ್ನ ಇದನ್ನು ತಿಳಿದಿರಬೇಕು.

ಔಷಧವೂ ಹೌದಲ್ಲವೇ?

ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಕ್ಷೇತ್ರದಂಥ ಕಡೆ ಗಾಂಜಾ ಪ್ರಸಾದವಾಗಿ ಬಳಕೆಯಲ್ಲಿತ್ತು ಎಂಬುದು ಉತ್ತರ ಕರ್ನಾಟಕದವರಿಗೆ ಗೊತ್ತು. ಕಲ್ಕತ್ತದಲ್ಲಿದ್ದ ವೈದ್ಯ ಓಶಾನೆಸಿ 1839ರಲ್ಲಿ ಧನುರ್ವಾಯು, ಸೆಳವುಗಳಿಗೆ ಇದನ್ನು ಪ್ರಯೋಗಿಸಿ ಬರೆದ ಮೇಲೆಯೇ ಯುರೋಪಿನ ವೈದ್ಯರ ಗಮನ ಇತ್ತ ಹರಿದದ್ದು. 1894ರಲ್ಲಿ ವರದಿ ಕೊಟ್ಟ ಬ್ರಿಟಿಷ್ ಸರ್ಕಾರದ ಆಯೋಗವೂ ಮಿತವಾದ ಸೇವನೆಯಿಂದ ದೊಡ್ಡ ಕೆಡುಕಿಲ್ಲ, ಅತಿ ಸೇವನೆ ಹಾನಿಕರ ಎಂದಿತ್ತು.

ಇಂದಿನ ವೈದ್ಯಶಾಸ್ತ್ರವೂ ಈ ಗಿಡವನ್ನು ತಳ್ಳಿಹಾಕಿಲ್ಲ. ಇದರಲ್ಲಿರುವ, ಅಮಲು ಬರಿಸದ ಸಿಬಿಡಿ ಎಂಬ ವಸ್ತುವಿನಿಂದ ತಯಾರಾದ ಔಷಧಕ್ಕೆ ಮಕ್ಕಳ ಕೆಲವು ಕಠಿಣ ಮೂರ್ಛೆರೋಗಗಳಿಗಾಗಿ 2018ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗವು ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. ಆದರೆ ಅಳೆದು, ಶುದ್ಧೀಕರಿಸಿ, ವೈದ್ಯರು ಬರೆದುಕೊಡುವ ಔಷಧವೇ ಬೇರೆ, ಕಾಗದದ ಪೊಟ್ಟಣದಲ್ಲಿ ಬೀದಿಯಲ್ಲಿ ಸಿಗುವ ಸೊಪ್ಪೇ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಸರಿಯಲ್ಲ.

ಕಾನೂನು ಮತ್ತು ಕೈಚಾಚಿದ ನೆರವು

1985ರ ಮಾದಕವಸ್ತು ಕಾಯ್ದೆ ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸುತ್ತದೆ. 1 ಕೆ.ಜಿ.ವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅದಕ್ಕೂ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. 20 ಕೆ.ಜಿ. ಮೀರಿದರೆ ಶಿಕ್ಷೆ ಕನಿಷ್ಠ 10 ವರ್ಷ. ಹೂಗೊನೆ ಇಲ್ಲದ ಬರೀ ಎಲೆ ಕಾಯ್ದೆಯ ವ್ಯಾಖ್ಯೆಯ ಹೊರಗಿದೆ. ಈ ಕಾರಣಕ್ಕೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಹೊಂದಿದ್ದ ಆರೋಪಿಯೊಬ್ಬನಿಗೆ ಜಾಮೀನು ನೀಡಿತ್ತು. ಮಕ್ಕಳಿಗೆ ಮಾದಕವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆಯಿದೆ.

ಹೆಚ್ಚು ಜನರಿಗೆ ತಿಳಿಯದ ಕಲಮು ಇನ್ನೊಂದಿದೆ. ಮಾದಕವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೆ. ಪೊಲೀಸರ ಭಯದಿಂದ ಮಗನನ್ನು ಕೋಣೆಯೊಳಗೆ ಬಚ್ಚಿಡುವ ತಂದೆ ತಾಯಂದಿರು ಈ ಮಾತನ್ನು ತಿಳಿಯಬೇಕು.

ಜೀಡಿಮೆಟ್ಲಾದವರಿಗೆ ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಹತ್ತಿರದಲ್ಲೇ ಇದೆ. ಆ ಹೆಸರು ಕೇಳಿದರೆ ಜನ ಹಿಂಜರಿಯುತ್ತಾರೆ. ಹಾಗೆ ಹಿಂಜರಿದು ಕಳೆದ ತಿಂಗಳುಗಳಲ್ಲೇ ಕಾಯಿಲೆ ಬಲಿಯುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಇವೆ.

ಮನೆಯಲ್ಲಿ ಹುಡುಗನೊಬ್ಬ ಗೆಳೆಯರಿಂದ ದೂರವಾಗುತ್ತಿದ್ದರೆ, ರಾತ್ರಿ ನಿದ್ದೆ ಬಿಟ್ಟು ಕೂತಿದ್ದರೆ, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆಂದು ಹೇಳತೊಡಗಿದ್ದರೆ, ಬೈಯುವುದಕ್ಕೂ ಹೊಡೆಯುವುದಕ್ಕೂ ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ದೂರದ ಊರಲ್ಲಿ ದುಡಿಯುವ ಮಗನಿಗೆ ಫೋನಿನಲ್ಲಿ ಸಂಬಳದ ಜೊತೆಗೆ ನಿದ್ದೆ, ಊಟ, ಜೊತೆಗಾರರ ಬಗ್ಗೆಯೂ ಕೇಳಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಶಾಲೆಯ ಸುತ್ತ ಗಾಂಜಾ ಚಾಕೊಲೇಟ್ ಮಾರುವುದು ಕಂಡರೆ 1933ಕ್ಕೆ ತಿಳಿಸಬಹುದು. ಮೂರೂ ಉಚಿತ ಕರೆಗಳು.